ಮೂರು ಊಟದ ದೂರ

ನಮ್ಮೂರಿನ ವಿಮಾನ ನಿಲ್ದಾಣದಿಂದ ಆಚೆ ಊರಿನ ವಿಮಾನ ನಿಲ್ದಾಣಕ್ಕೆ ಮುನ್ನೂರ ಹನ್ನೆರಡು ಕಿಲೋಮೀಟರು, ಐವತ್ತೈದು ನಿಮಿಷದ ಹಾದಿ ಎಂದು ಟಿಕೇಟಿನ ಮೇಲೆ ಅಚ್ಚಾಗಿದೆ. ಅದರಲ್ಲಿ ಸುಳ್ಳೇನಿಲ್ಲ. ಒಂಬತ್ತಕ್ಕೆ ಇಲ್ಲಿಂದ ಎದ್ದ ವಿಮಾನ ಒಂಬತ್ತು ಐವತ್ತೈದಕ್ಕೆ ಅಲ್ಲಿ ಇಳಿಯುತ್ತದೆ. ಇಲ್ಲಿನ ಗಡಿಯಾರ ಅದನ್ನೇ ಹೇಳುತ್ತದೆ, ಅಲ್ಲಿನದೂ ಅದನ್ನೇ ಹೇಳುತ್ತದೆ, ಒಳಗೆ ಕೂತವರ ಕೈಗಡಿಯಾರವೂ ಅದನ್ನೇ ಹೇಳುತ್ತದೆ. ಒಪ್ಪದೆ ಇರುವುದು ಹೊಟ್ಟೆಯೊಂದೇ. ಕೆಲವು ದಿನ ಇಳಿದವರು ಒಂದು ಊಟದಷ್ಟು ಹಸಿದಿರುತ್ತಾರೆ, ಕೆಲವು ದಿನ ಎರಡು, ಅಪರೂಪಕ್ಕೆ ನಾಲ್ಕು. ಹತ್ತುವಾಗ ನುಣ್ಣಗಿದ್ದ ಗಲ್ಲದ ಮೇಲೆ ಇಳಿಯುವಾಗ ಗಡ್ಡ ಇರುತ್ತದೆ. ಮುಡಿದ ಮಲ್ಲಿಗೆ ಕಂದಿ ಹೋಗಿರುತ್ತದೆ. ಇಲ್ಲಿ ಜಗಳವಾಡುತ್ತ ಹತ್ತಿದ ಗಂಡ ಹೆಂಡತಿ ಅಲ್ಲಿ ಇಳಿಯುವಷ್ಟರಲ್ಲಿ ಯಾಕೆ ಜಗಳವಾಡಿದ್ದೆವು ಎಂಬುದನ್ನೇ ಮರೆತಿರುತ್ತಾರೆ. ನಡುವೆ ರಸ್ತೆ ಇಲ್ಲ, ಇರಲೂ ಇಲ್ಲ. ಹೋಗುವವರೆಲ್ಲ ಮೇಲಿನಿಂದಲೇ ಹೋಗಬೇಕು.

ಹೀಗಿರುವಾಗ ಇವತ್ತಿನ ದೂರ ಎಷ್ಟು ಊಟದ್ದು ಎಂದು ಬೆಳಿಗ್ಗೆಯೇ ಯಾರಾದರೂ ಹೇಳಬೇಕಲ್ಲ. ಇಪ್ಪತ್ತಾರು ವರ್ಷ ಆ ಕೆಲಸ ನನ್ನದಾಗಿತ್ತು. ನನ್ನ ಹೆಸರು ಇಂದುಮತಿ, ನಿಲ್ದಾಣದಲ್ಲಿ ಕಸ ಗುಡಿಸುವವರಿಂದ ಹಿಡಿದು ಪೈಲಟ್ಟಿನವರೆಗೆ ಎಲ್ಲರಿಗೂ ಇಂದಕ್ಕ. ಆಚೆ ಊರಿನ ನಿಲ್ದಾಣದಲ್ಲಿ ದುಂಡಪ್ಪ ಎಂಬವನಿದ್ದಾನೆ. ಅವನು ಮುಂಜಾನೆಯ ಖಾಲಿ ವಿಮಾನ ಹೊರಡುವ ಹೊತ್ತಿಗೆ ಒಂದು ತಂಬಿಗೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕಳಿಸುತ್ತಾನೆ. ಏಳೂವರೆಗೆ ಅದು ಇಲ್ಲಿ ಇಳಿಯುತ್ತದೆ. ನಾನು ಸೀಗೆಪುಡಿ ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡು ತಂಬಿಗೆ ಬಿಚ್ಚುತ್ತಿದ್ದೆ. ಮೊದಲು ವಾಲಿಸಿ ನೋಡುವುದು, ಆಮೇಲೆ ಬೆರಳು ಅದ್ದುವುದು, ಆಮೇಲೆ ಮೂಸುವುದು. ಸಂಶಯ ಬಂದರೆ ಮಾತ್ರ ನಾಲಿಗೆಗೆ ಹಚ್ಚಿಕೊಳ್ಳುವುದು. ಹಾಲು ಬರೀ ದಪ್ಪಗಾಗಿದ್ದರೆ ಒಂದು ಊಟ. ಗಟ್ಟಿಯಾಗಿ ಕೂತಿದ್ದರೆ ಒಂದೂವರೆ. ಹುಳಿ ಬಂದಿದ್ದರೆ ಎರಡು, ನೀರು ಬಿಟ್ಟಿದ್ದರೆ ಮೂರು. ಅದಕ್ಕಿಂತ ಹೆಚ್ಚಾದರೆ ಬಟ್ಟೆ ಬಿಚ್ಚುವುದೇ ಬೇಕಿಲ್ಲ, ಮೂಗಿಗೇ ಗೊತ್ತಾಗುತ್ತದೆ. ನೋಡಿಯಾದ ಮೇಲೆ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ: ಇವತ್ತು ಎರಡು ಊಟ. ಬರೆದದ್ದನ್ನು ಸಂಜೆಯವರೆಗೆ ಯಾರೂ ಒರೆಸುವಂತಿಲ್ಲ. ಹಿಂದೆ ಒಮ್ಮೆ ಬರೆದು ಒರೆಸಿ ಮತ್ತೆ ಬರೆದು ದೊಡ್ಡ ಹೊಡೆದಾಟವೇ ಆಗಿತ್ತಂತೆ, ಅದಕ್ಕೇ ಈ ನಿಯಮ.

ಪೈಲಟ್ಟನ್ನೇ ಕೇಳಿದರೆ ಆಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಕೇಳಬಹುದು. ಆದರೆ ನಮ್ಮ ಪೈಲಟ್ ಇನಾಮದಾರರಿಗೆ ಹತ್ತುವ ಮೊದಲೇ ಹಸಿವು, ಇಳಿದ ಮೇಲೂ ಹಸಿವು. ಮೇಲೆ ಹೋದರೆ ಸೂರ್ಯ ಕದಲುವುದಿಲ್ಲ, ಅವರು ಅರ್ಧ ದಾರಿ ನಿದ್ದೆ ಮಾಡುತ್ತಾರೆ. ಅವರ ಮಾತು ನಂಬಿ ಯಾರೂ ಬುತ್ತಿ ಕಟ್ಟುವುದಿಲ್ಲ. ಮದುವೆಯಾದಾಗ ಅವರು ಹೆಂಡತಿಗಿಂತ ಹನ್ನೊಂದು ವರ್ಷ ಚಿಕ್ಕವರಾಗಿದ್ದರಂತೆ. ಹಾರಿ ಹಾರಿ ಈಗ ಇಬ್ಬರೂ ಸಮ ಆಗಿದ್ದಾರೆ, ಅದರಿಂದ ಮನೆಯಲ್ಲಿ ನೆಮ್ಮದಿ ಎನ್ನುತ್ತಾರೆ.

ಮೊಸರು ನೋಡುವವರು ಮಾತ್ರ ಹಾರುವಂತಿಲ್ಲ. ತನ್ನ ಹೊಟ್ಟೆಯೇ ಒಮ್ಮೆ ಆ ದೂರ ಕಲಿತುಬಿಟ್ಟರೆ ಆಮೇಲೆ ಮೊಸರಿನ ಮಾತು ಕೇಳುವುದಿಲ್ಲ ಎಂಬುದು ಕಾರಣ. ನನಗಿಂತ ಮೊದಲು ಇದ್ದವರು ತಂಗಿಯ ಮದುವೆಗೆಂದು ಒಮ್ಮೆ ಹಾರಿ ಬಂದು, ಆಮೇಲೆ ಒಂದು ವಾರ ದಿನವೂ ಎರಡು ಎಂದೇ ಬರೆದರಂತೆ. ಅವರನ್ನು ಟಿಕೇಟು ಹರಿಯುವ ಕೆಲಸಕ್ಕೆ ಹಾಕಿ ನನ್ನನ್ನು ಕರೆದರು. ನನಗೆ ಹಾರುವ ಆಸೆ ಅಷ್ಟಾಗಿ ಇರಲಿಲ್ಲ, ಆದರೆ ಮೇಲೆ ಏನು ನಡೆಯುತ್ತದೆ ಎಂದು ತಿಳಿಯುವ ಚಪಲ ಮಾತ್ರ ಒಂದು ದಿನವೂ ಹೋಗಲಿಲ್ಲ. ಇಳಿದು ಬಂದವರನ್ನು ಹಿಡಿದು ನಿಲ್ಲಿಸಿ ಕೇಳುತ್ತಿದ್ದೆ. ಅಷ್ಟು ಹೊತ್ತು ಏನು ಮಾಡಿದಿರಿ? ಕಿಟಕಿಯಿಂದ ಏನು ಕಂಡಿತು? ಒಬ್ಬ ಮಲಗಿದ್ದೆ ಎನ್ನುತ್ತಿದ್ದ. ಒಬ್ಬಳು ಸ್ವೆಟರಿನ ಎರಡೂ ತೋಳು ಹೆಣೆದು ಮುಗಿಸಿದೆ ಎಂದಳು. ಕಾಲೇಜಿನ ಮೇಷ್ಟರೊಬ್ಬರು ಕೈಗಡಿಯಾರದ ಮುಳ್ಳು ಸರಿಯುವುದನ್ನು ನೋಡಲೇಬೇಕೆಂದು ಹೊರಟವರು, ರೆಪ್ಪೆ ಬಡಿದಾಗಲೇ ಅದು ಸರಿಯುತ್ತದೆ ಎಂದು ಕೆಂಪು ಕಣ್ಣು ಮಾಡಿಕೊಂಡು ಇಳಿದರು.

ಕಸ್ತೂರಿ ಎಂಬ ಹುಡುಗಿ ನನ್ನ ಹಲಗೆಯ ಮುಂದೆ ಬಂದು ನಿಲ್ಲತೊಡಗಿದ್ದು ಚಳಿ ಮುಗಿಯುವ ಹೊತ್ತಿಗೆ. ಹುಡುಗಿ ಅಂದರೆ ಇಪ್ಪತ್ತೈದರವಳು, ಎಂಟೂವರೆ ತಿಂಗಳ ಬಸುರಿ. ಆಚೆ ಊರಿನ ಮಗಳು, ನಮ್ಮೂರಿಗೆ ಕೊಟ್ಟದ್ದು. ಗಂಡ ನೀರಿನ ಟ್ಯಾಂಕಿನಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಇವಳನ್ನೂ ಒಂದು ಗಂಟನ್ನೂ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದ, ವಿಮಾನ ಹೋದ ಮೇಲೆ ಬಂದು ಗಂಟಿನ ಸಮೇತ ವಾಪಸು ಕರೆದೊಯ್ಯುತ್ತಿದ್ದ. ಏಳು ತಿಂಗಳು ದಾಟಿದ ಬಸುರಿಯರನ್ನು ಒಂದು ಊಟದ ದಿನ ಬಿಟ್ಟು ಬೇರೆ ದಿನ ಹತ್ತಿಸುವುದಿಲ್ಲ. ಆಗ ನೋಡಿದರೆ ಒಂದು ಊಟದ ದಿನವೇ ಬರುತ್ತಿರಲಿಲ್ಲ.

"ಇವತ್ತ ಎಷ್ಟರೀ ಅಕ್ಕಾರ?" ಎಂದು ಹಲಗೆ ಕಣ್ಣೆದುರಿಗೇ ಇದ್ದರೂ ಕೇಳುತ್ತಿದ್ದಳು.

"ಎರಡವ್ವಾ."

"ನಾಳೆ?"

"ನಾಳೆದು ನಾಳೆ ನೋಡೂಣಂತ."

ನಾಲ್ಕನೆಯ ದಿನವೋ ಐದನೆಯ ದಿನವೋ ನಾನೇ ಅವಳ ಪಕ್ಕದಲ್ಲಿ ಹೋಗಿ ಕೂತೆ. "ಇಲ್ಲೇ ದವಾಖಾನಿ ಐತಲ್ಲವ್ವಾ, ಡಾಕ್ಟರಮ್ಮನೂ ಚಲೋ ಅದಾರ. ಯಾಕ ಇಷ್ಟು ಒದ್ದಾಡ್ತೀ?" ಎಂದೆ.

"ಹೋದ ಸಲ ಅಲ್ಲೇ ಆತ್ರೀ," ಎಂದಳು. ಗಂಟಿನ ಸೆರಗನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅವರದೇನೂ ತಪ್ಪಿಲ್ಲ. ಕೂಸು ಅಳಲಿಲ್ಲ, ಅಷ್ಟ."

ಉಳಿದದ್ದನ್ನು ತಾನಾಗಿಯೇ ಹೇಳಿದಳು. ಅವಳ ತಾಯಿ ಲಗಮವ್ವ ಆಚೆ ಊರಿನಲ್ಲಿ ಹೆರಿಗೆ ಮಾಡಿಸುವಾಕೆ. "ಆ ಊರಾಗ ಓಡ್ಯಾಡೋ ಮಂದೀನೆಲ್ಲಾ ಹುಟ್ಟೂವಾಗ ನಮ್ಮವ್ವನ ಹಿಡದಾಳ್ರೀ. ನಂದೊಂದನ್ನ ಹಿಡೀಲಿಕ್ಕೆ ಆಗಲಿಲ್ಲ. ಆವಾಗೂ ಹಿಂಗ ಗಂಟು ತೊಗೊಂಡು ಹನ್ನೊಂದು ದಿನಾ ಇಲ್ಲೇ ಕುಂತಿದ್ದೆ. ದಿನಾ ಎರಡು, ಎರಡು, ಎರಡೂವರಿ. ಹನ್ನೆರಡನೇ ದಿನಾ ಹೆರಿಗಿ ಬ್ಯಾನಿ ಬಂದಬಿಟ್ಟುವು."

ಆ ಎರಡುಗಳನ್ನೆಲ್ಲ ಬರೆದವಳು ನಾನು. ಅವಳ ಮುಖ ನನಗೆ ನೆನಪೇ ಇರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಿಮ್ಮವ್ವನ ಇಲ್ಲಿಗೆ ಬರಬಹುದಲ್ಲ?" ಎಂದು ಏನೋ ಒಂದು ಕೇಳಬೇಕೆಂದು ಕೇಳಿದೆ.

"ಆಕಿ ಬಂದ್ಲಂದ್ರ ಅಲ್ಲಿ ಒಂಬತ್ತು ಮಂದಿ ದಿನ ತುಂಬಿದ ಬಸುರ್ಯಾರು ಅದಾರ್ರೀ, ಅವರೆಲ್ಲಿ ಹೋಗಬೇಕು?" ಎಂದಳು. ತಾಯಿಯ ಪರವಾಗಿಯೇ ಹೇಳಿದಳು. ಆದರೂ ಆ ಒಂಬತ್ತು ಮಂದಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಇತ್ತೆಂದು ನನಗೆ ಅನಿಸಿತು. ಇದ್ದರೆ ತಪ್ಪೇನು?

ಅವತ್ತಿನಿಂದ ತಂಬಿಗೆ ಬಿಚ್ಚುವಾಗ ನನ್ನ ಕೈ ಮೊದಲಿನ ಹಾಗಿರಲಿಲ್ಲ. ಮೊಸರು ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೆ ಸಿಟ್ಟು ಬರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಮೊಸರಿನ ಹತ್ತಿರ ಏನನ್ನೂ ಬೇಡಿಕೊಂಡವಳಲ್ಲ, ಈಗ ದಿನವೂ ಬೇಡಿಕೊಳ್ಳುತ್ತಿದ್ದೆ.

ಹನ್ನೆರಡನೆಯ ಬೆಳಿಗ್ಗೆ ವಿಮಾನ ಇಳಿದಾಗ ಇನಾಮದಾರರು ನನ್ನ ಕೈಗೆ ತಂಬಿಗೆ ಕೊಟ್ಟು ನೆಟ್ಟಗೆ ಕ್ಯಾಂಟೀನಿಗೆ ನಡೆದರು. ಕ್ಯಾಂಟೀನಿನ ರಾಚಪ್ಪ ನನ್ನ ಕೋಣೆಗೆ ಚಹಾ ತಂದಿಟ್ಟು, "ಇವತ್ತ ಸಾಹೇಬ್ರು ಹದಿನೇಳು ಇಡ್ಲಿ ಹೊಡದ್ರು ನೋಡಕ್ಕ," ಎಂದ. ನಾನು ನಕ್ಕು ತಂಬಿಗೆಯ ಬಟ್ಟೆ ಬಿಚ್ಚಿದೆ. ವಾಲಿಸಿದೆ. ಹಾಲು ಬರೀ ದಪ್ಪಗಾಗಿತ್ತು. ಬೆರಳು ಎಳೆದರೆ ಹಿಂದೆ ಗೆರೆ ಉಳಿದು ಆ ಕ್ಷಣವೇ ಮುಚ್ಚಿಕೊಂಡಿತು. ಒಂದು ಊಟ, ಅದೂ ಮುಟ್ಟಿತೋ ಇಲ್ಲವೋ ಎನ್ನುವಷ್ಟು. ಮೂಸಿದೆ. ವಾಸನೆ ಯಾಕೋ ತುಸು ಬೇರೆ ಇತ್ತು. ನಾಲಿಗೆಗೆ ಹಚ್ಚಿಕೊಳ್ಳಬೇಕಿತ್ತು, ಹಚ್ಚಿಕೊಳ್ಳಲಿಲ್ಲ. ಅವತ್ತು ನನಗೆ ಸಂಶಯ ಬರುವುದು ಬೇಡವಾಗಿತ್ತು.

ಹಲಗೆಯ ಮೇಲೆ ಒಂದು ಎಂದು ಬರೆದಾಗ ಕಸ್ತೂರಿ ನಗಲಿಲ್ಲ. ನಿಂತಲ್ಲೇ ಒಮ್ಮೆ ಕಣ್ಣು ಮುಚ್ಚಿ ತೆರೆದು, "ಬರ್ತೇನ್ರೀ ಅಕ್ಕಾರ," ಎಂದಳು. ಗಂಡ ಗಂಟು ಹೊತ್ತುಕೊಂಡು ಮುಂದೆ ಮುಂದೆ ಓಡಿ, ಅವಳನ್ನು ವಿಮಾನದಲ್ಲಿ ಕೂರಿಸಿ ಟ್ಯಾಂಕಿನ ಕೆಲಸಕ್ಕೆ ಹೋದ. ಒಂದು ಊಟದ ದಿನವೆಂದರೆ ನಿಲ್ದಾಣದಲ್ಲಿ ಎಲ್ಲರಿಗೂ ಹುರುಪು. ಬುತ್ತಿ ಹೆಚ್ಚು ಕಟ್ಟಿಕೊಂಡು ಬಂದವರು ಅದನ್ನು ಬೆಂಚಿನ ಮೇಲೇ ಬಿಚ್ಚಿ ಹಂಚಿ, ಒಂದೊಂದು ಪೊಟ್ಟಣ ಇಟ್ಟುಕೊಂಡು ಹತ್ತಿದರು.

ನೋಡಿಯಾದ ಮೊಸರನ್ನು ಎಂಟೂವರೆಗೆ ಕಸ ಗುಡಿಸುವವರ ಅವಲಕ್ಕಿಗೆ ಸುರಿಯುವುದು ವಾಡಿಕೆ. ಸುರಿದೆ. ತಂಬಿಗೆಯ ತಳದಿಂದ ಕೆಂಪು ಮೆಣಸಿನಕಾಯಿಯ ಎರಡು ತೊಟ್ಟು ಜಾರಿ ಬಂದು ಅವಲಕ್ಕಿಯ ಮೇಲೆ ಬಿದ್ದವು. ನಾನು ಅವನ್ನು ನೋಡುತ್ತ ನಿಂತೆ. ಫೋನಿನ ಹತ್ತಿರ ಹೋಗಿ ಆಚೆ ಊರಿಗೆ ಹಚ್ಚಿದೆ.

"ದುಂಡಪ್ಪಾ, ಹಾಲಿಗೆ ಏನು ಹಾಕಿ ಕಳಿಸೀದಿ?"

"ಹೆಪ್ಪು ಬೆಕ್ಕು ಚೆಲ್ಲಿತಕ್ಕ. ಮೆಣಸಿನಕಾಯಿ ತೊಟ್ಟು ಹಾಕಿದೆ. ಯಾಕ, ಮೊಸರಾಗಿಲ್ಲೇನು?"

"ಆಗೇತಿ. ಒಂದು ಚೀಟಿ ಕಟ್ಟಿ ಕಳಸಬಾರದಾಗಿತ್ತೇನೋ?"

"ಮೊಸರು ಮೊಸರ ಅಲ್ಲೇನಕ್ಕ," ಎಂದ ಅವನು. ಅವನನ್ನು ಬಯ್ದು ಏನು ಫಲ? ಅವನು ಕಳಿಸುವವನು, ನೋಡುವವಳು ನಾನು. ತೊಟ್ಟಿನಿಂದಲೂ ಹಾಲು ಮೊಸರಾಗುತ್ತದೆ, ಆದರೆ ಹೆಪ್ಪಿಗಿಂತ ಮೂರು ಪಟ್ಟು ನಿಧಾನ. ಬರೀ ದಪ್ಪಗಾಗಲು ಅದಕ್ಕೆ ಮೂರು ಊಟದ ಹೊತ್ತು ಬೇಕು. ಹದಿನೇಳು ಇಡ್ಲಿ ಆಗ ನೆನಪಾದವು.

"ಲಗಮವ್ವ ಅಂತ ಅದಾಳಲ್ಲ, ಆಕಿನ್ನ ಕರಕೊಂಡು ಬಾ. ಒಂಬತ್ತು ಐವತ್ತೈದಕ್ಕ ಆಕಿ ವಿಮಾನದ ಮೆಟ್ಟಲ ಹತ್ರ ಇರಬೇಕು," ಎಂದು ಹೇಳಿ ಫೋನಿಟ್ಟು ಓಡಿದೆ. ನಾನು ಓಡಿದ್ದನ್ನು ಆ ನಿಲ್ದಾಣದಲ್ಲಿ ಯಾರೂ ನೋಡಿರಲಿಲ್ಲ. ಮೆಟ್ಟಿಲಿನ್ನೂ ತೆಗೆದಿರಲಿಲ್ಲ. ಹತ್ತಿ ಒಳಗೆ ಹೋದೆ. ಇಪ್ಪತ್ತಾರು ವರ್ಷದಲ್ಲಿ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊರಗಿನಿಂದ ಅಷ್ಟು ದೊಡ್ಡದು ಕಾಣುವುದು ಒಳಗೆ ಇಷ್ಟು ಚಿಕ್ಕದೇ ಎಂದು ಆ ಅವಸರದಲ್ಲೂ ಅನಿಸಿತು.

ಇದ್ದವರು ಎಂಟು ಜನ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನಾ ತಪ್ಪು ಬರದೇನಿ. ಇವತ್ತ ಒಂದಲ್ಲ, ಮೂರು ಊಟ. ಇಳಿಯೋರು ಇಳೀರಿ." ಮೂವರು ಗೊಣಗುತ್ತ ಇಳಿದರು. ರೊಟ್ಟಿ ಮಾರುವ ಹುಸೇನಬಿ ಕದಲಲಿಲ್ಲ. ಅವಳ ಬುಟ್ಟಿಯಲ್ಲಿ ಇನ್ನೂರು ಖಡಕ್ ರೊಟ್ಟಿ ಇದ್ದವು. "ನನಗೇನು ಹತ್ತು ಊಟ ಆದ್ರೂ ಚಿಂತಿಲ್ಲ," ಎಂದಳು. ನಾನು ಕಸ್ತೂರಿಯ ಹತ್ತಿರ ಹೋಗಿ ಗಂಟು ಎತ್ತಿಕೊಂಡೆ.

"ಏಳವ್ವಾ, ಇಳಿ. ನಾಳೆ ಸರಿಯಾಗಿ ನೋಡಿ ಬರೀತೇನಿ."

ಅವಳು ಏಳಲಿಲ್ಲ. "ನಾಳೆ ಒಂದು ಬರೀತೀರೇನ್ರೀ?" ಎಂದು ಕೇಳಿದಳು.

"ಅದು ಹೆಂಗ ಹೇಳಲಿ?"

"ನಾಡಿದ್ದು?"

ಹೋದ ಸಲದ ಹನ್ನೊಂದು ದಿನ ನಮ್ಮಿಬ್ಬರ ನಡುವೆ ಬಂದು ಕೂತಂತೆ ಆಯಿತು. "ಹಲಗಿ ಮ್ಯಾಲೆ ಒಂದು ಅಂತ ಐತಿ. ಸಂಜೀತನಾ ಅದ ಖರೆ. ನನ್ನ ಇಳಸಾಕ ನಿಮಗ ಬರೂದಿಲ್ಲ," ಎಂದಳು. ಆಮೇಲೆ ದನಿ ಇಳಿಸಿ, "ಬೇಕಾದ್ರ ನೀವ ಕೂಡ್ರಿ ನನ್ನ ಬಾಜೂಕ," ಎಂದಳು.

ಬಾಗಿಲು ಮುಚ್ಚಿದರೆ ನಾಳೆಯಿಂದ ನಾನು ಮೊಸರು ನೋಡುವವಳಲ್ಲ. ಅದು ಗೊತ್ತಿದ್ದೇ ಕೂತೆ. ತಪ್ಪು ನನ್ನದು, ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೇಲೆ ಏನಿದೆಯೋ ನೋಡಿಯೇಬಿಡೋಣ ಎಂಬ ಚಪಲವೂ ಅದರಲ್ಲಿ ಒಂದು ಪಾಲು ಇತ್ತು.

ವಿಮಾನ ಎದ್ದಾಗ ಹೊಟ್ಟೆ ಕೆಳಗೇ ಉಳಿದ ಹಾಗಾಯಿತು. ನಮ್ಮೂರಿನ ಟ್ಯಾಂಕು, ಅದರ ಮೇಲೆ ನಿಂತು ಕೈ ಬೀಸುತ್ತಿದ್ದ ಕಸ್ತೂರಿಯ ಗಂಡ, ಆಮೇಲೆ ಗದ್ದೆ, ಆಮೇಲೆ ಬರೀ ಬಿಳಿ. ನಾನು ಹಣೆಯನ್ನು ಕಿಟಕಿಗೆ ಒತ್ತಿ ಕೂತೆ. ಬಿಳಿಯಲ್ಲಿ ನೋಡುವುದಕ್ಕೆ ಏನೂ ಇಲ್ಲ, ಆದರೂ ನೋಡಿದ್ದು ಸಾಕಾಗಲಿಲ್ಲ. ಎಡಗಡೆಯ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಒಂದು ಚೌಕ ಬಿದ್ದಿತ್ತು. ಹುಸೇನಬಿಯ ಚಪ್ಪಲಿಯ ತುದಿ ಅದರೊಳಗಿತ್ತು. ಅವಳು ಎರಡು ನಿದ್ದೆ ಮಾಡಿ ಎದ್ದಳು. ಚೌಕ ಚಪ್ಪಲಿಯನ್ನು ಬಿಟ್ಟು ಕದಲಲಿಲ್ಲ. ಕೈಗಡಿಯಾರ ನೋಡಿದೆ, ಒಂಬತ್ತು ಹನ್ನೆರಡು. ಮೇಷ್ಟರ ಮಾತು ನಿಜವೋ ಎಂದು ರೆಪ್ಪೆ ಬಡಿಯದೆ ಕೂತೆ, ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ನೋಡಿದರೆ ಹದಿಮೂರು. ಒಂಬತ್ತು ಹದಿನೇಳಕ್ಕೆ ಹಸಿವಾಯಿತು. ಇಷ್ಟು ವರ್ಷ ಮಂದಿಯ ಹಸಿವನ್ನು ಬರೆದವಳಿಗೆ ಅದು ತನ್ನದೇ ಹೊಟ್ಟೆಯಲ್ಲಿ ಬಂದಾಗ, ಓಹೋ ಇದೇನಾ ಅದು ಎಂದು ನಗು ಬಂತು. ಹುಸೇನಬಿ ಎಲ್ಲರಿಗೂ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಾಕಿ ಕೊಟ್ಟಳು.

ಕಸ್ತೂರಿ ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ನನ್ನ ಮಡಿಲಲ್ಲಿಟ್ಟಳು. ಅವಳ ಬೆರಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದವು. "ಶುರು ಆತೇನವ್ವಾ?" ಎಂದೆ. ತಲೆಯಾಡಿಸಿದಳು.

ಹುಸೇನಬಿ ಎದ್ದು ಹೋಗಿ ಮುಂದಿನ ಬಾಗಿಲು ಬಡಿದಳು. "ಸಾಹೇಬ್ರ, ಒಂಚೂರು ಜೋರು ಹೊಡೀರಿ. ಇಲ್ಲಿ ಹೆರಿಗಿ ಬ್ಯಾನಿ ಎದ್ದಾವು."

ಇನಾಮದಾರರು ಕಣ್ಣುಜ್ಜುತ್ತ ಇಣುಕಿದರು. "ಜೋರು ಹೊಡದ್ರೂ ಐವತ್ತೈದ ನಿಮಿಷ, ಸಾವಕಾಶ ಹೊಡದ್ರೂ ಐವತ್ತೈದ ನಿಮಿಷ, ತಂಗೀ," ಎಂದರು. ತಮ್ಮ ಚಹಾದ ಥರ್ಮಾಸನ್ನು ಬರಿದು ಮಾಡಿ, ಅಡುಗೆ ಗೂಡಿನಿಂದ ಬಿಸಿನೀರು ತುಂಬಿಸಿ ಕೊಟ್ಟರು. ಆಮೇಲೆ ಅವರು ನಿದ್ದೆ ಮಾಡಲಿಲ್ಲ.

ಗಂಡಸರು ಮುಂದಿನ ಸೀಟುಗಳಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು. ನಡುವೆ ಒಂದು ಸೀರೆ ಕಟ್ಟಿದೆವು. ಹುಸೇನಬಿ ಕಸ್ತೂರಿಯ ತಲೆಯ ಕಡೆ ಕೂತು ನನಗೆ ಕಾಲಿನ ಕಡೆ ಕೈ ಮಾಡಿದಳು. "ನಾನ?" ಎಂದೆ. "ನೀ ಐದು ಹಡದಾಕಿ. ನಾನು ಒಂದೂ ಹಡದಿಲ್ಲ, ಒಂದೂ ಹಿಡದಿಲ್ಲ."

"ನಾ ಹಡದೇನಿ, ಹಿಡದಿಲ್ಲ," ಎಂದಳು ಹುಸೇನಬಿ. "ನನ್ನ ಕೈ ನೋಡು, ಖಾರಾ, ಹಿಟ್ಟು. ನಿಂದು ಮೊಸರು ಮುಟ್ಟೋ ಕೈ. ಉಗುರು ಇಲ್ಲ, ಉಂಗುರ ಇಲ್ಲ. ತೊಳಕೋ."

ತೊಳೆದುಕೊಂಡೆ. ಎಷ್ಟು ಹೊತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಗಡಿಯಾರದ ಪ್ರಕಾರ ಒಂಬತ್ತು ಇಪ್ಪತ್ತರಿಂದ ಒಂಬತ್ತು ಮೂವತ್ತಾರು. ಅದರೊಳಗೆ ಕಸ್ತೂರಿಗೆ ಮೂರು ಸಲ ಧೈರ್ಯ ಕೆಟ್ಟಿತು, ನನಗೆ ಆರು ಸಲ. ಒಮ್ಮೆ ಅವಳು, "ಅಲ್ಲಿ ಅವ್ವಗ ಇನ್ನೂ ಅರ್ಧ ತಾಸೂ ಆಗಿಲ್ಲ ಅಲ್ಲೇನ್ರೀ?" ಎಂದು ಕೇಳಿದಳು. ಹೌದೆಂದೆ. "ಆಕಿ ಇನ್ನೂ ಸೀರಿ ಉಟ್ಕೊಳ್ಳಾಕತ್ತಿರಬೇಕು," ಎಂದು ಆ ನೋವಿನಲ್ಲೇ ನಕ್ಕಳು. ನನಗೆ ಮಾತ್ರ ಕೆಳಗಿನವರ ಮೇಲೆ ವಿನಾಕಾರಣ ಕೋಪ ಬಂತು. ಇಲ್ಲಿ ಒಬ್ಬಳು ತಾಸುಗಟ್ಟಲೆ ನರಳುತ್ತಿದ್ದರೆ ಅಲ್ಲಿ ರಾಚಪ್ಪನ ಒಂದು ಕಪ್ಪು ಚಹಾ ಆರಿರುವುದಿಲ್ಲ.

ಕೂಸು ಬಂತು. ನನ್ನ ಎರಡು ಕೈಯಲ್ಲಿ ಬಂತು, ನೀಲಿ ಬಣ್ಣಕ್ಕಿತ್ತು, ಅಳಲಿಲ್ಲ. ಕಸ್ತೂರಿ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಬೆನ್ನು ತಿಕ್ಕು," ಎಂದಳು ಹುಸೇನಬಿ. ತಿಕ್ಕಿದೆ. ಬಾಯೊಳಗೆ ಬೆರಳು ಹಾಕಿ ಒರೆಸಿದೆ. "ಇನ್ನೂ ಜೋರು," ಎಂದಳು. ತಿಕ್ಕಿದೆ, ಬೈದೆ, ಬೇಡಿಕೊಂಡೆ. ಕೂಸು ಒಮ್ಮೆ ಬಿಕ್ಕಿ, ಆಮೇಲೆ ಸಿಟ್ಟಿನಿಂದ ಕಿರುಚಿತು. ಮುಂದಿನ ಸೀಟಿನ ಗಂಡಸರು ತಿರುಗದೆಯೇ ಚಪ್ಪಾಳೆ ತಟ್ಟಿದರು. ನಾನು ಅತ್ತೆ, ಹುಸೇನಬಿಯೂ ಅತ್ತಳು. ಹೆಣ್ಣು ಕೂಸು.

ಮುಂದಿದ್ದವರಲ್ಲಿ ಒಬ್ಬ ತನ್ನ ಚೀಲದಿಂದ ಹೊಸ ಬ್ಲೇಡು ತೆಗೆದು ಸೀರೆಯ ಮೇಲಿನಿಂದ ನೀಡಿದ. ನಾನು ಅದನ್ನು ಬಿಸಿನೀರಿನಲ್ಲಿ ಅದ್ದುವಾಗ ಕಸ್ತೂರಿ ನನ್ನ ಕೈ ತಡೆದಳು.

"ಹೊಕ್ಕಳ ಹುರಿ ಕೊಯ್ಯಬ್ಯಾಡ್ರಿ ಅಕ್ಕಾರ. ಹಿಡಿಯೂದು ಅಂತೂ ಆಕೀಗೆ ತಪ್ಪಿತು. ಕೊಯ್ಯೂದರ ನಮ್ಮವ್ವನ ಕೈಲೆ ಆಗ್ಲಿ."

ಆದೀತೇ ಎಂದು ನಾನು ಹುಸೇನಬಿಯ ಮುಖ ನೋಡಿದೆ. ಅವಳು ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಅದರ ಬಡಿತ ನಿಂತಿದೆ, ದಾರ ಕಟ್ಟಿಟ್ಟರೆ ತೊಂದರೆಯಿಲ್ಲ ಎಂದಳು. ಬಿಸಿನೀರಿಗೆ ಹಾಕಿದ ದಾರದಿಂದ ಕಟ್ಟಿದೆವು. ಮಾಸು ಬಿದ್ದ ಮೇಲೆ ಅದನ್ನೂ ಶುಭ್ರ ಬಟ್ಟೆಯಲ್ಲಿ ಸುತ್ತಿ ಕೂಸಿನ ಪಕ್ಕದಲ್ಲೇ ಇಟ್ಟೆವು. ಕೂಸು ಹಾಲು ಕುಡಿಯಿತು, ಮಲಗಿತು, ಎದ್ದು ಅತ್ತು ಮತ್ತೆ ಕುಡಿಯಿತು. ತಾಯಿ ಮಗಳು ಇಬ್ಬರೂ ನಿದ್ದೆ ಹೋದಾಗ ನಾನು ಹುರಿ ಎಳೆಯದ ಹಾಗೆ ಕೂಸು, ಮಾಸು ಎರಡೂ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಲು ಜೋಮು ಹಿಡಿದರೂ ಕದಲಿಸಲಿಲ್ಲ. ಕಿಟಕಿಯ ಕಡೆ ಮತ್ತೆ ನೋಡಲು ನೆನಪೇ ಆಗಲಿಲ್ಲ.

ಇಳಿದಾಗ ಒಂಬತ್ತು ಐವತ್ತೈದು. ಬಾಗಿಲು ತೆರೆದು ಮೆಟ್ಟಿಲು ಸರಿಯಾಗಿ ಕೂರುವ ಮೊದಲೇ ಒಬ್ಬ ಸಣಕಲು ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಬಂದಳು. ಅವಳ ಹಿಂದೆ ಬಂದವನು ದನಿಯಿಂದಲೇ ಗೊತ್ತಾದ ದುಂಡಪ್ಪ. ಅವನು ಬಾಗಿಲಲ್ಲೇ ನಿಂತ. ಲಗಮವ್ವ ಸೀರೆಯ ಪರದೆ ಸರಿಸಿ ಒಳಗೆ ಬಂದಳು. ನನ್ನ ತೊಡೆಯ ಮೇಲಿದ್ದುದರ ಕಡೆ ಅವಳು ಮೊದಲು ನೋಡಲಿಲ್ಲ. ಮಗಳ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಬಟ್ಟೆಗಳನ್ನು ನೋಡಿದಳು. ಎಲ್ಲ ಸರಿಯಿದೆಯೆಂದು ಕೈಗೆ ಗೊತ್ತಾದ ಮೇಲೆ ನನ್ನ ಕಡೆ ತಿರುಗಿದಳು.

"ಯಾರು ಹಿಡದ್ರಿ?"

"ನಾನ್ರೀ. ದೂರ ತಪ್ಪು ಬರದಾಕಿನೂ ನಾನ."

ಎರಡನೆಯ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. "ಹುರಿ ಯಾಕ ಹಂಗ ಬಿಟ್ಟೀರಿ?" ಎಂದು ಗದರಿಸಿದಳು.

"ನಿನಗಂತ ಇಟ್ಟೇವವ್ವಾ," ಎಂದಳು ಕಸ್ತೂರಿ.

ಲಗಮವ್ವ ಕೈ ತೊಳೆದುಕೊಂಡಳು. ದಾರ ಕಟ್ಟಿದ್ದನ್ನು ಪರೀಕ್ಷೆ ಮಾಡಿ ತನ್ನದೊಂದು ದಾರವನ್ನು ಅದರ ಪಕ್ಕದಲ್ಲಿ ಕಟ್ಟಿದಳು. ಬ್ಲೇಡು ತೆಗೆದುಕೊಂಡು ಹುರಿಯ ಹತ್ತಿರ ಒಯ್ದಳು, ನಿಂತಳು, ಹಿಂದಕ್ಕೆ ತೆಗೆದಳು. ಮತ್ತೆ ಒಯ್ದಳು. ಮತ್ತೆ ತೆಗೆದಳು.

"ಸಾವಿರದ ಮ್ಯಾಲೆ ಕೊಯ್ದೇನಿ," ಎಂದಳು, ಯಾರಿಗೆ ಹೇಳಿದಳೋ. "ಒಮ್ಮೀನೂ ಹಿಂಗ ಮಾಡಿದ್ದಿಲ್ಲ ಈ ಕೈ." ಆಮೇಲೆ ನನ್ನ ಕಡೆ ನೋಡದೆ, "ಮಣಿಕಟ್ಟು ಹಿಡೀರಿ," ಎಂದಳು.

ಹಿಡಿದೆ. ಅವಳ ನಾಡಿ ನನ್ನ ಬೆರಳಿನ ಕೆಳಗೆ ಓಡುತ್ತಿತ್ತು. ಬ್ಲೇಡು ಒಮ್ಮೆ ಸರಿಯಿತು, ಅಷ್ಟೇ. ಕೂಸಿಗೆ ಎಚ್ಚರವೂ ಆಗಲಿಲ್ಲ. ಲಗಮವ್ವ ಅದನ್ನು ಎತ್ತಿಕೊಂಡು ಮಗಳ ಕಾಲ ಬಳಿಯ ಸೀಟಿನಲ್ಲಿ ಕೂತಳು. ಮುಖಕ್ಕೆ ಮುಖ ಹತ್ತಿರ ಹಿಡಿದು ಮೂಗು, ಕಿವಿ, ಬೆರಳು ಒಂದೊಂದನ್ನೇ ನೋಡತೊಡಗಿದಳು.

ಕೆಳಗೆ ಯಾರೋ ಓಡಿಬಂದು ಕೂಗಿದರು. ದುಂಡಪ್ಪ ಬಗ್ಗಿ ಕೇಳಿಸಿಕೊಂಡು ಒಳಗೆ ಹೇಳಿದ. "ಲಗಮವ್ವಾ, ಬಡಗ್ಯಾರ ಮನೀ ಸೊಸೀಗೆ ಬ್ಯಾನಿ ಎದ್ದಾವಂತ. ಲಗೂನ ಬಾ ಅಂತಾರ."

ಲಗಮವ್ವ ಕೂಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಹತ್ತು ನಿಮಿಷ ತಡೀ ಅಂತ ಹೇಳು," ಎಂದಳು. "ನನ್ನ ಮಗಳು ಹಡದಾಳ."